ಆರು ಐವತ್ತೆರಡರ ಮಿಸ್ಡ್ ಕಾಲ್

ಸಂಜೆ ಆರು ಗಂಟೆ ನಲವತ್ತು ನಿಮಿಷಕ್ಕೆ ಅಡುಗೆಮನೆಯ ಕಿಟಕಿಕಟ್ಟೆಯ ಮೇಲಿದ್ದ ಹಳೆಯ ಫೋನು ಎರಡು ಸಲ ರಿಂಗಾಗಿ ನಿಂತಿತು. ಪರದೆಯ ಮೇಲೆ 'ಅಪ್ಪ' ಎಂದು ಬಂತು. ಆತ ಸತ್ತು ಎರಡು ವರ್ಷ ನಾಲ್ಕು ತಿಂಗಳಾಗಿತ್ತು.

ಅವನ ಹೆಂಡತಿ ಸಿಂಕಿನ ಮುಂದೆ ಅಕ್ಕಿ ತೊಳೆಯುತ್ತಿದ್ದಳು. ಅವಳು ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹರಿದ ಹೊದಿಕೆ, ದಿಂಬಿನ ಚೀಲಗಳನ್ನು ಹೊಲಿಯುವವಳು. ನರ್ಸುಗಳಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಅವಳನ್ನು ಹೊಲಿಗೆಯಕ್ಕ ಎಂದೇ ಕರೆಯುತ್ತಿದ್ದರು. ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು. ಫೋನು ಮುಟ್ಟಲಿಲ್ಲ. ಅದರ ಹಸಿರು ಬೆಳಕು ಹದಿನೈದು ಸೆಕೆಂಡ್ ಉರಿದು ಆರಿತು. ಆಮೇಲೆ ಒಲೆ ಆರಿಸಿ, ಸ್ಟೂಲು ಎಳೆದುಕೊಂಡು ಕೂತಳು.

ಫೋನಿಗೆ ಆ ಕಿಟಕಿಕಟ್ಟೆ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಎರಡನೇ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಅದಕ್ಕೆ ಸಿಗ್ನಲ್ ಸಿಗುತ್ತಿದ್ದುದು ಅಲ್ಲೊಂದೇ ಕಡೆ, ಅದೂ ಒಂದು ಗೀಟು, ಮಬ್ಬು ಹವೆಯಿದ್ದರೆ ಅದೂ ಇಲ್ಲ. ಗುಂಡಿಯ ಫೋನು. ಹದಿಮೂರು ವರ್ಷದ ಹಿಂದೆ ಗಂಡ ಸೆಕೆಂಡ್ ಹ್ಯಾಂಡಿನಲ್ಲಿ ಒಂದೇ ಥರದ್ದು ಎರಡು ತಂದಾಗಲೇ ಅವು ಹಳೆಯವಾಗಿದ್ದವು. ಆಗ ಹದಿಮೂರರ ಹುಡುಗಿಯಾಗಿದ್ದ ಮಗಳು ಒಂದರಲ್ಲಿ 'ಅಮ್ಮ' ಎಂದೂ ಇನ್ನೊಂದರಲ್ಲಿ 'ಅಪ್ಪ' ಎಂದೂ ನಂಬರು ಸೇರಿಸಿಕೊಟ್ಟಿದ್ದಳು.

ಸ್ವಲ್ಪ ಹೊತ್ತಿನ ಮೇಲೆ ಹೊಲಿಗೆಯಕ್ಕ ಫೋನು ತೆಗೆದುಕೊಂಡು ಮಿಸ್ಡ್ ಕಾಲುಗಳ ಪಟ್ಟಿ ತೆರೆದಳು. ಆ ಫೋನು ಹತ್ತು ನಂಬರುಗಳಿಗಿಂತ ಹೆಚ್ಚು ನೆನಪಿಡುವುದಿಲ್ಲ. ಒಂದು ನಂಬರಿಗೆ ಒಂದೇ ಸಾಲು. ಅದೇ ನಂಬರಿನಿಂದ ಮತ್ತೆ ಕರೆ ಬಂದರೆ ಹಳೆಯ ದಿನಾಂಕ, ವೇಳೆ ಅಳಿಸಿಹೋಗಿ ಹೊಸದು ಕೂರುತ್ತದೆ. 'ಅಪ್ಪ' ಎಂಬ ಸಾಲಿನ ಪಕ್ಕದಲ್ಲಿ ಇಷ್ಟು ದಿನ ಇದ್ದದ್ದು ಆರು ಐವತ್ತೆರಡು. ಈಗ ಇದ್ದದ್ದು ಆರು ನಲವತ್ತು, ಇವತ್ತಿನ ತಾರೀಖು, ಹತ್ತೊಂಬತ್ತು.

ಅವಳು ಪಟ್ಟಿ ಮುಚ್ಚಿ ಮತ್ತೆ ತೆರೆದಳು. ಆರು ನಲವತ್ತೇ ಇತ್ತು.

*

ರಿಂಗಿನ ಲೆಕ್ಕ ಗಂಡ ಹೆಂಡತಿ ಮಾಡಿಕೊಂಡದ್ದು ಮಾತಿಗೆ ನಿಮಿಷಕ್ಕಿಷ್ಟು ಎಂದು ಕಾಸು ಬೀಳುತ್ತಿದ್ದ ಕಾಲದಲ್ಲಿ. ಎರಡು ರಿಂಗ್ ಎಂದರೆ ಪಾಳಿ ಮುಗಿಯಿತು, ಹೊರಟೆ. ಮೂರು ಎಂದರೆ ಬದಲಿಯವನು ಬಂದಿಲ್ಲ, ತಡವಾಗುತ್ತದೆ. ಅದಕ್ಕೆ ಅವಳು ವಾಪಸು ಕೊಡುವುದು ಒಂದು ರಿಂಗ್: ಸರಿ. ಎತ್ತಕೂಡದು ಎನ್ನುವುದೊಂದೇ ಕಾನೂನು. ಮೊದಲ ತಿಂಗಳಲ್ಲಿ ಒಮ್ಮೆ ಗಡಿಬಿಡಿಯಲ್ಲಿ ಎತ್ತಿಬಿಟ್ಟಿದ್ದಳು. ಗಂಡ ಮನೆಗೆ ಬಂದು ಊಟ ಮುಗಿಯುವವರೆಗೂ, ನೋಡು, ಒಂದು ಹಲೋಗೆ ಒಂದು ಬಸ್ ಚಾರ್ಜು ಹೋಯಿತು ಎಂದು ಅವಳನ್ನು ಗೋಳು ಹೊಯ್ದುಕೊಂಡಿದ್ದ. ಮುಂದೆ ಮಾತು ಅಗ್ಗವಾಯಿತು, ಆಮೇಲೆ ಪುಕ್ಕಟೆಯೇ ಆಯಿತು. ಲೆಕ್ಕ ಮಾತ್ರ ಹಾಗೇ ಉಳಿಯಿತು. ಮಾತಾಡುವುದಕ್ಕೆ ಮನೆಯಿದೆಯಲ್ಲ, ಫೋನು ಯಾಕೆ ಎನ್ನುತ್ತಿದ್ದ ಗಂಡ.

ಅವನು ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಆಪರೇಟರು. ಪಾಳಿಗೆ ಒಬ್ಬನೇ. ಅರ್ಧ ಗಂಟೆಗೊಮ್ಮೆ ಒತ್ತಡದ ಮೀಟರು ನೋಡಿ ಪುಸ್ತಕದಲ್ಲಿ ಬರೆಯಬೇಕು. ಅವನ ಪಾಳಿ ಮುಗಿಯುವುದು ಆರೂವರೆಗೆ. ಆದರೆ ಬದಲಿಯವನು ಬಂದು ಕೂರುವ ತನಕ ಪಂಪು ಬಿಟ್ಟು ಕದಲುವಂತಿಲ್ಲ.

ಅವನು ಸತ್ತ ಗುರುವಾರ, ದಿನಾ ಬರುವ ಹಾಗೆ ಆರು ನಲವತ್ತಕ್ಕೆ ರಿಂಗ್ ಬರಲಿಲ್ಲ. ಆರು ಐವತ್ತೆರಡಕ್ಕೆ ಬಂತು. ಎರಡಾಯಿತು, ಮೂರಾಯಿತು. ತಡವಾಗುತ್ತದೆ ಎಂದುಕೊಂಡು ಹೊಲಿಗೆಯಕ್ಕ ಒಲೆಯ ಉರಿ ಸಣ್ಣ ಮಾಡಿದಳು. ಆದರೆ ನಾಲ್ಕಾಯಿತು, ಐದಾಯಿತು. ಮೂರರ ಆಚೆಗೆ ಅವರ ಲೆಕ್ಕದಲ್ಲಿ ಮಾತಿರಲಿಲ್ಲ. ಕಟ್ ಮಾಡುವುದನ್ನು ಮರೆತಿದ್ದಾರೆ, ಪಂಪಿನ ಸದ್ದಿನಲ್ಲಿ ಗೊತ್ತಾಗಿಲ್ಲ ಎಂದುಕೊಂಡಳು. ಎತ್ತಿದರೆ ಮತ್ತೆ ಗೋಳು ಹೊಯ್ದುಕೊಳ್ಳುತ್ತಾರೆ ಎಂದು ಒಬ್ಬಳೇ ನಕ್ಕಳು ಕೂಡ. ಅಭ್ಯಾಸಬಲದಿಂದ ಎಣಿಸುತ್ತಲೇ ಇದ್ದಳು. ಹನ್ನೊಂದಕ್ಕೆ ನಿಂತಿತು. ಅವಳು ಫೋನು ತೆಗೆದುಕೊಂಡು ಒಂದು ರಿಂಗ್ ಕೊಟ್ಟು ಕಟ್ ಮಾಡಿದಳು. ಸರಿ.

ಬದಲಿಯವನು ಸ್ಕೂಟರು ಪಂಕ್ಚರಾಗಿ ಏಳೂವರೆಗೆ ಬಂದ. ಆಪರೇಟರು ನೀರಿನ ತೊಟ್ಟಿಯ ಪಕ್ಕದ ಕಟ್ಟೆಗೆ ಒರಗಿಕೊಂಡಂತೆ ಬಿದ್ದಿದ್ದ. ಅವನ ಫೋನು ತೊಟ್ಟಿಯೊಳಗೆ ಸಿಕ್ಕಿತು. ಅದು ಮತ್ತೆ ಆನ್ ಆಗಲಿಲ್ಲ. ಪುಸ್ತಕದಲ್ಲಿ ಆರೂವರೆಯ ಒತ್ತಡ ಅವನ ಕೈಬರಹದಲ್ಲಿ ನೀಟಾಗಿತ್ತು, ಏಳು ಗಂಟೆಯ ಮನೆ ಖಾಲಿ. ಅದನ್ನು ಕೇಳಿ ತಿಳಿದುಕೊಂಡ ವೈದ್ಯರು ಮಗಳಿಗೆ ಹೇಳಿದರು: ಬರೆದ ಕೂಡಲೇ ಹೃದಯಾಘಾತ ಆಗಿರಬೇಕು, ಒಂದೇ ಏಟಿಗೆ ಹೋಗಿದೆ, ನಿಮ್ಮ ತಂದೆಗೆ ಏನೂ ಗೊತ್ತಾಗಿರುವುದಿಲ್ಲ.

ಮಗಳು ಆ ಮಾತು ಹಿಡಿದುಕೊಂಡಳು. ನೋಡಲು ಬಂದವರಿಗೆಲ್ಲ ಅದನ್ನೇ ಹೇಳಿದಳು. ಒಂದೇ ಏಟಿಗೆ, ಅಪ್ಪಂಗೆ ಏನೂ ಗೊತ್ತಾಗಲಿಲ್ಲ. ಚಿಕ್ಕಪ್ಪನಿಗೆ, ಅತ್ತೆಗೆ, ಕೆಳಗಿನ ಮನೆಯವರಿಗೆ, ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯವರಿಗೆ. ಪ್ರತಿಸಲ ಹೇಳಿದಾಗಲೂ ಅವಳ ಮುಖ ಒಂದಿಷ್ಟು ಸಡಿಲವಾಗುತ್ತಿತ್ತು. ಹೊಲಿಗೆಯಕ್ಕ ಪಕ್ಕದಲ್ಲೇ ಕೂತು ಕೇಳುತ್ತಿದ್ದಳು. ಬಂದವರು ಪುಣ್ಯವಂತ ಎಂದರೆ ತಲೆಯಾಡಿಸುತ್ತಿದ್ದಳು. ಆರೂವರೆಗೆ ಹೋದವನು ಆರು ಐವತ್ತೆರಡಕ್ಕೆ ಫೋನು ಮಾಡಿದ್ದು ಗೊತ್ತಿದ್ದುದು ಅವಳಿಗೆ ಮತ್ತು ಆ ಫೋನಿಗೆ.

ಮಗಳು ಹೊಸ ಫೋನು ತಂದುಕೊಟ್ಟಳು. ಅದು ಡಬ್ಬದಲ್ಲೇ ಉಳಿಯಿತು. ಹಳೆಯದನ್ನು ಹೊಲಿಗೆಯಕ್ಕ ಯಾರ ಕೈಗೂ ಕೊಡಲಿಲ್ಲ. ಆಸ್ಪತ್ರೆಯಲ್ಲಾಗಲಿ ನೆಂಟರಲ್ಲಾಗಲಿ ಆ ನಂಬರನ್ನು ಯಾರಿಗೂ ಹೇಳಲಿಲ್ಲ. ಏನಿದ್ದರೂ ಮಗಳ ಫೋನಿಗೆ ಮಾಡಿ ಎನ್ನುತ್ತಿದ್ದಳು. ಹತ್ತು ಹೊಸ ನಂಬರು ಬಂದರೆ ಆ ಸಾಲು ಕೆಳಗಿನಿಂದ ಉದುರಿಹೋಗುತ್ತದೆ. ಆ ವೇಳೆ ಯಾರ ಕಣ್ಣಿಗೂ ಬೀಳಬಾರದು ಎಂದಿದ್ದಷ್ಟೇ ಗಟ್ಟಿಯಾಗಿ, ಅದು ಅಳಿದುಹೋಗಬಾರದು ಎಂದೂ ಅವಳಿಗಿತ್ತು. ಯಾಕೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ದಿನಾ ಸಂಜೆ ಆರು ನಲವತ್ತೈದಕ್ಕೆ, ಮಗಳು ಕೆಲಸದಿಂದ ಬರುವ ಮುಂಚೆ, ಅವಳು ಗಂಡನ ನಂಬರಿಗೆ ಒಂದು ರಿಂಗ್ ಕೊಡುತ್ತಿದ್ದಳು. ಮೊದಮೊದಲು ಆ ಕಡೆಯಿಂದ ಫೋನು ಆಫ್ ಆಗಿದೆ ಎನ್ನುವ ಹೆಣ್ಣುದನಿ ಬರುತ್ತಿತ್ತು. ಆಮೇಲೆ ಈ ನಂಬರು ಚಾಲ್ತಿಯಲ್ಲಿಲ್ಲ ಎನ್ನುವ ಇನ್ನೊಂದು ಹೆಣ್ಣುದನಿ. ಎಂಟು ತಿಂಗಳ ಹಿಂದೆ ಒಂದು ಸಂಜೆ ಎರಡೂ ಬರಲಿಲ್ಲ. ರಿಂಗಾಯಿತು. ಅವಳು ಬೆಚ್ಚಿ ಕಟ್ ಮಾಡಿದಳು. ಮರುದಿನ ಮತ್ತೆ ಕೊಟ್ಟಳು, ಒಂದೇ ಒಂದು. ಅಂದಿನಿಂದ ಒಂದು ದಿನವೂ ತಪ್ಪಿರಲಿಲ್ಲ, ಆ ಕಡೆಯಿಂದ ಏನೂ ಬಂದಿರಲಿಲ್ಲ. ಈ ಹತ್ತೊಂಬತ್ತರವರೆಗೆ.

ಆ ಸಂಜೆ ಆರು ನಲವತ್ತೈದಕ್ಕೆ ಒಂದು ರಿಂಗ್ ಕೊಟ್ಟಳು.

ಇಪ್ಪತ್ತನೇ ತಾರೀಖೂ ಆರು ನಲವತ್ತಕ್ಕೆ ಎರಡು ರಿಂಗ್ ಬಂತು. ಇಪ್ಪತ್ತೊಂದಕ್ಕೂ ಬಂತು. ಬಟ್ಟೆ ಕೋಣೆಯಲ್ಲಿ ಅವಳ ಸೂಜಿ ಎರಡು ಸಲ ಬೆರಳು ಚುಚ್ಚಿತು. ಹೊದಿಕೆಯ ಮೇಲೆ ಬಿದ್ದ ಚುಕ್ಕೆ ರಕ್ತವನ್ನು ಅವಳೇ ತಣ್ಣೀರಿನಲ್ಲಿ ತೊಳೆದಳು. ದೆವ್ವ ಭೂತ ನಂಬುವವಳಲ್ಲ. ಶವಾಗಾರದ ಹೊದಿಕೆಗಳನ್ನೂ ಹೊಲಿದವಳು. ಆದರೂ ಸಂಜೆ ಆರೂವರೆ ಆಗುತ್ತಲೇ ಅಡುಗೆಮನೆಯ ದೀಪ ಹಾಕಿ, ಬಾಗಿಲು ತೆರೆದಿಟ್ಟು, ಕಿಟಕಿಗೆ ಬೆನ್ನು ಮಾಡದೆ ನಿಲ್ಲುವುದು ರೂಢಿಯಾಯಿತು.

*

ಇಪ್ಪತ್ತಾರರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಫೋನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಆಸ್ಪತ್ರೆಯ ಎದುರಿನ ರಿಪೇರಿಯವನ ಹತ್ತಿರ ಹೋದಳು. ಅವನ ಅಂಗಡಿ ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಸಂದು. ಅವನು ನಿಂತರೆ ತಲೆ ತಾಗುತ್ತದೆಂದು ಯಾವಾಗಲೂ ಕೂತೇ ಇರುತ್ತಿದ್ದ. ಫೋನು ಕಂಪನಿಯಿಂದ ಬಂದ ಸಂದೇಶವನ್ನು ಅವನಿಗೆ ತೋರಿಸಿದಳು. ಮೂವತ್ತರ ಮಧ್ಯರಾತ್ರಿಯಿಂದ ಹಳೆಯ ಜಾಲ ನಿಲ್ಲುತ್ತದೆ, ಹೊಸ ಫೋನಿಗೆ, ಹೊಸ ಸಿಮ್ಮಿಗೆ ಬದಲಾಗಿ ಎಂದು ಅದರಲ್ಲಿತ್ತು.

ರಿಪೇರಿಯವನು ಫೋನನ್ನು ಅಂಗೈಯಲ್ಲಿಟ್ಟು ತೂಗಿದ.

"ಇದು ಫೋನಲ್ಲ ಅಕ್ಕ, ಆಯುಧ. ಕಳ್ಳ ಬಂದ್ರೆ ಎಸೆದು ಕೊಲ್ಲಬಹುದು."

ಆಮೇಲೆ ವಿವರಿಸಿದ. ಫೋನು ಕೆಟ್ಟಿಲ್ಲ, ಇನ್ನು ಹತ್ತು ವರ್ಷ ಕೆಡುವುದೂ ಇಲ್ಲ. ಆದರೆ ಅದಕ್ಕೆ ಬರುವುದು ಒಂದೇ ಭಾಷೆ. ಆ ಭಾಷೆಯಲ್ಲಿ ಮಾತಾಡುವ ಯಂತ್ರಗಳನ್ನು ಕಂಪನಿಯವರು ಒಂದೊಂದೇ ಗೋಪುರದಿಂದ ಇಳಿಸುತ್ತಿದ್ದಾರೆ. ಈ ಊರಿನಲ್ಲಿ ಉಳಿದಿರುವುದೇ ಒಂದೆರಡು. ಒಂದನೇ ತಾರೀಖಿನಿಂದ ಗೋಪುರವೂ ಇರುತ್ತದೆ, ಸುತ್ತ ಸಿಗ್ನಲ್ಲೂ ತುಂಬಿರುತ್ತದೆ, ಇದಕ್ಕೆ ಮಾತ್ರ ಏನೂ ಕೇಳಿಸುವುದಿಲ್ಲ. ನಂಬರು ಹೋಗುವುದಿಲ್ಲ, ಅದನ್ನು ಹೊಸ ಸಿಮ್ಮಿಗೆ ಹಾಕಿಸಿಕೊಳ್ಳಬಹುದು. ಹಾಕಿಸಿದ ಮೇಲೆ ಈ ಹಳೆ ಸಿಮ್ಮು ಸಾಯುತ್ತದೆ, ಸಿಮ್ಮಿಲ್ಲದೆ ಈ ಫೋನು ಒಳಗಿನ ಪಟ್ಟಿಗಳನ್ನು ತೆರೆಯಲೂ ಬಿಡುವುದಿಲ್ಲ.

ಚಾಲ್ತಿಯಲ್ಲಿಲ್ಲದ ನಂಬರಿನಿಂದ ಫೋನು ಬರುತ್ತದೆಯೇ ಎಂದು ಅವಳು ಕೇಳಿದಳು.

"ನಂಬರು ಅಂದ್ರೆ ಬಾಡಿಗೆ ಮನೆ ಇದ್ದಂಗೆ ಅಕ್ಕ. ಖಾಲಿ ಆಯ್ತು ಅಂದ್ರೆ ಸ್ವಲ್ಪ ದಿನ ಬೀಗ ಹಾಕಿಟ್ಟು ಬೇರೆಯವರಿಗೆ ಕೊಡ್ತಾರೆ. ಬಾಗಿಲ ಮೇಲಿನ ಹೆಸರು ನಿಮ್ಮ ಫೋನಲ್ಲಿ ಹಳೇದೇ ಇರುತ್ತೆ, ಒಳಗಿರೋರು ಹೊಸಬರು."

ಅವಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಇಷ್ಟು ದಿನ ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ. ಹೊಸಬರಿಗೆ ಹಳಬರ ಅಭ್ಯಾಸ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದಳು. ರಿಪೇರಿಯವನಿಗೆ ಅರ್ಥವಾಗಲಿಲ್ಲ. ಏನೋ ತಮಾಷೆ ಹೇಳಲು ಹೊರಟವನು ಅವಳ ಮುಖ ನೋಡಿ ಫೋನನ್ನು ವಾಪಸು ಚಾಚಿದ.

ಕೊನೆಗೆ ಅವಳು ಕೇಳಬೇಕೆಂದು ಬಂದದ್ದನ್ನು ಕೇಳಿದಳು. ಮಿಸ್ಡ್ ಕಾಲಿನ ಹಳೆಯ ವೇಳೆ ಒಂದಿತ್ತು, ಹೊಸದು ಬಂದು ಅಳಿಸಿಹೋಯಿತು. ಅದನ್ನು ಯಾರಾದರೂ ತೆಗೆಯಬಲ್ಲರೇ?

"ಇದರಲ್ಲಿ ಆಗಲ್ಲ. ಸ್ಲೇಟು ಇದು. ಒರೆಸಿ ಬರೆದ ಮೇಲೆ ಮುಗೀತು, ಪೊಲೀಸ್ ಬಂದ್ರೂ ಸಿಗಲ್ಲ. ಏನಕ್ಕಾ, ಯಾರನ್ನಾದ್ರೂ ಮುಗಿಸಿದ್ರಾ?"

ಅವಳು ಫೋನನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿಕೊಂಡಳು. ಅವನು ಏನೂ ತೆಗೆದುಕೊಳ್ಳಲಿಲ್ಲ. ಬಾಯಿಮಾತಿಗೆ ಯಾರಾದರೂ ಚಾರ್ಜು ಮಾಡುತ್ತಾರೆಯೇ ಎಂದ.

ವಾಪಸು ಬಟ್ಟೆ ಕೋಣೆಗೆ ಬಂದು ಅವಳು ಮಿಷನ್ನಿನ ಮುಂದೆ ಕೂತಳು. ಇನ್ನು ಯಾರಿಗೂ ಗೊತ್ತಾಗುವ ದಾರಿಯಿಲ್ಲ. ಎರಡು ವರ್ಷದಿಂದ ಹೆದರಿಕೊಂಡಿದ್ದ ವಿಷಯ ಹೋಗಿತ್ತು. 'ಒಂದೇ ಏಟಿಗೆ' ಎನ್ನುವ ಮಗಳ ನಂಬಿಕೆ ಮಗಳಿಗೇ ಉಳಿಯಿತು. ಹಗುರವಾಗಬೇಕಿತ್ತು. ಅದರ ಬದಲು, ಆ ಹೊತ್ತಿನಲ್ಲಿ ಗಂಡ ಬದುಕಿದ್ದ ಎನ್ನುವುದಕ್ಕೆ ಈ ಲೋಕದಲ್ಲಿ ಇನ್ನು ತಾನೊಬ್ಬಳೇ ಸಾಕ್ಷಿ ಎನ್ನುವುದು ಅವಳ ಎದೆಯ ಮೇಲೆ ಬಂದು ಕೂತಿತು. ತಾನೂ ಹೇಳದೆ ಹೋದರೆ ಆ ಹನ್ನೊಂದು ರಿಂಗ್ ಆಗಿಯೇ ಇಲ್ಲ.

ಆ ಕಡೆ ಯಾರೋ ಒಬ್ಬರಿದ್ದಾರೆ ಎಂದು ಬೇರೆಯವರ ಬಾಯಿಂದ ಕೇಳಿದ ಮೇಲೆ ಅವಳಿಗೆ ನಾಚಿಕೆಯಾಯಿತು. ಮರುದಿನ, ಇಪ್ಪತ್ತೇಳಕ್ಕೆ, ಎರಡು ರಿಂಗ್ ಬಂದವು. ಅವಳು ಒಂದು ಕೊಡಲಿಲ್ಲ. ಇಪ್ಪತ್ತೆಂಟಕ್ಕೂ ಎರಡು ಬಂದವು. ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದಳು.

*

ಇಪ್ಪತ್ತೊಂಬತ್ತು ಬುಧವಾರ. ಮಗಳು ಅಂಗಡಿಯಿಂದ ಬೇಗ ಬಂದಳು. ಸಿಮ್ಮು ಬದಲಿಸುವ ಅರ್ಜಿ ತಂದಿದ್ದಳು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ತೊಡೆಯ ಮೇಲೆ ಒಂದು ಪುಸ್ತಕವಿಟ್ಟು ತುಂಬತೊಡಗಿದಳು. ಇಪ್ಪತ್ತಾರು ವರ್ಷದ ಈ ಹುಡುಗಿ ಇಡೀ ದಿನ ಜನರ ಎರಡು ಕಣ್ಣಿನ ನಡುವಿನ ಅಂತರವನ್ನು ಮಿಲಿಮೀಟರಿನಲ್ಲಿ ಅಳೆದು ಬರೆಯುವವಳು. ಅರ್ಜಿಯ ಒಂದು ಚೌಕದಿಂದಲೂ ಅಕ್ಷರ ಹೊರಗೆ ಚಾಚುತ್ತಿರಲಿಲ್ಲ. ನಾಳೆ ಮಧ್ಯರಾತ್ರಿ ಇದರ ಕತೆ ಮುಗಿಯುತ್ತದೆ, ನಿನ್ನ ನಂಬರು ಉಳಿಯಬೇಕೋ ಬೇಡವೋ ಎಂದು ತಾಯಿಯನ್ನು ಗದರಿಸುತ್ತಿದ್ದಳು. ಆರು ನಲವತ್ತರ ಎರಡು ರಿಂಗ್ ಅವಳು ಬರುವ ಮುಂಚೆಯೇ ಬಂದು ಹೋಗಿದ್ದವು.

ಏಳು ಗಂಟೆ ಐದು ನಿಮಿಷಕ್ಕೆ ಫೋನು ರಿಂಗಾಯಿತು.

ಕಿಟಕಿಗೆ ಹತ್ತಿರವಿದ್ದವಳು ಮಗಳು. ಎದ್ದು ಕೈ ಚಾಚಿದವಳು ಪರದೆ ನೋಡಿ ಕೈ ಹಿಂದಕ್ಕೆಳೆದುಕೊಂಡಳು.

"ಅಮ್ಮ, ಅಪ್ಪನ ಹೆಸರು ಬರ್ತಿದೆ."

"ಗೊತ್ತು."

ಎರಡಾಯಿತು. ಹೊಲಿಗೆಯಕ್ಕ ಅದು ನಿಲ್ಲುವುದನ್ನು ಕಾಯುತ್ತಿದ್ದಳು. ಮೂರಾಯಿತು. ನಾಲ್ಕು. ಒಲೆಯ ಮುಂದೆ ನಿಂತಿದ್ದವಳಿಗೆ ಕಾಲು ಕೀಳಲಾಗಲಿಲ್ಲ. ಐದು. ಮಗಳು ತಾಯಿಯ ಮುಖವನ್ನೇ ನೋಡುತ್ತಿದ್ದಳು. ಆರು. ಅಷ್ಟರ ಮೇಲೆ ಹೊಲಿಗೆಯಕ್ಕನಿಗೆ ಎಣಿಕೆ ತಪ್ಪಿತು. ಒದ್ದೆ ಕೈಯಲ್ಲೇ ಫೋನು ತೆಗೆದು ಹಸಿರು ಗುಂಡಿ ಒತ್ತಿದಳು.

ಆ ಕಡೆ ಒಂದು ಗಂಡಸಿನ ದನಿ, ಅದರ ಹಿಂದೆ ದೊಡ್ಡ ಪಾತ್ರೆಗಳನ್ನು ಉಜ್ಜುವ ಸದ್ದು. ಹಳೆಯ ಫೋನಿನ ಸ್ಪೀಕರು ಜೋರು, ಮಗಳಿಗೂ ಕೇಳಿಸುತ್ತಿತ್ತು.

"ಹಲೋ. ಇದೀರಾ?"

"ಇದೀನಿ."

"ಸದ್ಯ. ಮೂರು ದಿನದಿಂದ ನಿಮ್ಮ ರಿಂಗ್ ಇಲ್ಲ. ಏನಾದ್ರೂ ಆಗಿದೆಯೇನೋ ಅಂದ್ಕೊಂಡೆ. ನೀವು ಯಾರು ಅಂತ ನಂಗೆ ಗೊತ್ತಿಲ್ಲ, ತಪ್ಪು ತಿಳ್ಕೋಬೇಡಿ."

ಅವನು ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವನು. ನಂಬರು ತೆಗೆದುಕೊಂಡು ಎಂಟು ತಿಂಗಳಾಗಿತ್ತು. ತೆಗೆದುಕೊಂಡ ವಾರದಿಂದಲೇ ದಿನಾ ಆರು ನಲವತ್ತೈದಕ್ಕೆ ಒಂದು ರಿಂಗ್ ಬರುತ್ತಿತ್ತು ಎಂದ. ಮೊದಲು ಬೈದುಕೊಂಡಿದ್ದ. ಆಮೇಲೆ ಅದು ಬಂದರೆ ಎರಡನೇ ಪಾಳಿಯವರಿಗೆ ಟೀ ಇಡುವ ಹೊತ್ತಾಯಿತು ಎಂದು ಲೆಕ್ಕ. ಕ್ಯಾಂಟೀನಿನ ಗಡಿಯಾರ ನಿಂತಿದ್ದರೂ ಯಾರೂ ಅದಕ್ಕೆ ಸೆಲ್ಲು ಹಾಕಿರಲಿಲ್ಲವಂತೆ. ಹತ್ತೊಂಬತ್ತಕ್ಕೆ ಕೆಲಸ ಕಡಿಮೆಯಿತ್ತು, ಇವತ್ತು ಅವರಿಗಿಂತ ಮುಂಚೆ ನಾನೇ ಕೊಡೋಣ ಎಂದು ತಮಾಷೆಗೆ ಕೊಟ್ಟ. ಅವರದು ಒಂದಾದರೆ ನನ್ನದು ಎರಡಿರಲಿ, ಮೇಲುಗೈ ಇರಲಿ ಎಂದು ಎರಡು. ಇಷ್ಟನ್ನೂ ಹೇಳಿ ಅವನು ನಕ್ಕ. ಈ ಕಡೆಯಿಂದ ನಗು ಬರದಿದ್ದುದನ್ನು ಕೇಳಿ ನಿಲ್ಲಿಸಿದ.

"ನೀವು ಯಾರಿಗೆ ಕೊಡ್ತಿದ್ರಿ ಅಕ್ಕ, ಆ ರಿಂಗು?"

"ನಮ್ಮ ಮನೆಯವರಿಗೆ. ಇದು ಅವರ ನಂಬರಾಗಿತ್ತು."

ಪಾತ್ರೆಯ ಸದ್ದು ದೂರವಾಯಿತು. ಅವನು ಹೊರಗೆ ಬಂದಿರಬೇಕು.

ಹೊಲಿಗೆಯಕ್ಕ ಕಿಟಕಿಯ ಕಡೆಗೆ ಮುಖ ಮಾಡಿ ನಿಂತಿದ್ದಳು. ಆ ಜಾಗ ಬಿಟ್ಟರೆ ಮಾತು ಕಡಿಯುತ್ತಿತ್ತು. ಮಗಳು ಅವಳ ಬೆನ್ನ ಹಿಂದೆ ಎರಡು ಮಾರು ದೂರದಲ್ಲಿದ್ದಳು. ಮಗಳು ಅಲ್ಲಿದ್ದಾಳೆ ಎನ್ನುವುದು ಅವಳಿಗೆ ಮರೆತಿರಲಿಲ್ಲ.

"ತೀರ್ಕೊಂಡ ದಿನ ಅವರು ಫೋನ್ ಮಾಡಿದ್ರು," ಎಂದಳು. "ಆರು ಐವತ್ತೆರಡಕ್ಕೆ. ಹನ್ನೊಂದು ರಿಂಗ್ ಆಯ್ತು. ನಾನು ಇಲ್ಲೇ, ಇದೇ ಜಾಗದಲ್ಲಿ ನಿಂತಿದ್ದೆ. ಎತ್ತಲಿಲ್ಲ."

ಅಡುಗೆಯವನು ಕೇಳಿದ.

"ಯಾಕಕ್ಕ?"

"ನಮ್ಮಲ್ಲಿ ಎತ್ತೋ ಪದ್ಧತಿ ಇರಲಿಲ್ಲ."

ಅಡುಗೆಯವನು, ನಾನೂ ಇವತ್ತು ಮಾಡುವುದೋ ಬೇಡವೋ ಎಂದು ಟೀ ಆರುವವರೆಗೆ ಕೂತಿದ್ದೆ, ಯಾರದೋ ಮನೆ ವಿಷಯ ನಮಗ್ಯಾಕೆ ಎಂದು ಎರಡು ಸಲ ಫೋನು ಕೆಳಗಿಟ್ಟೆ ಎಂದ. ನಾಳೆ ರಾತ್ರಿಯಿಂದ ಈ ಫೋನು ಕೆಲಸ ಮಾಡುವುದಿಲ್ಲ ಎಂದು ಹೊಲಿಗೆಯಕ್ಕ ಹೇಳಿದಳು. ಹಾಗಾದರೆ ಗಡಿಯಾರಕ್ಕೆ ಸೆಲ್ಲು ತರಬೇಕು ಎಂದ ಅವನು. ಆಮೇಲೆ, ಊಟ ಮಾಡಿ ಅಕ್ಕ, ಎಂದು ಇಟ್ಟ.

ಅವಳು ತಿರುಗಿದಳು. ಮಗಳು ಅರ್ಜಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

"ಆರು ಐವತ್ತೆರಡು ಅಂತ ಹೇಗೆ ಗೊತ್ತು?"

"ಫೋನಲ್ಲಿತ್ತು."

"ತೋರಿಸು."

"ಈಗಿಲ್ಲ. ಇವನು ಮಾಡಿದ್ನಲ್ಲ, ಅಳಿಸಿಹೋಯ್ತು."

ಮಗಳು ಫೋನು ತೆಗೆದುಕೊಂಡು ತಾನೇ ಪಟ್ಟಿ ನೋಡಿದಳು. 'ಅಪ್ಪ', ಆರು ನಲವತ್ತು. ಹದಿಮೂರು ವರ್ಷದ ಹಿಂದೆ ತಾನೇ ಒತ್ತಿ ಬರೆದ ಹೆಸರು. ಕೆಳಗಿಟ್ಟಳು.

"ಒಂದೇ ಏಟಿಗೆ ಅಂತ ನಾನು ಊರಿಗೆಲ್ಲ ಹೇಳ್ಕೊಂಡು ಬಂದೆ. ನೀನು ಪಕ್ಕದಲ್ಲೇ ಕೂತಿರ್ತಿದ್ದೆ."

"ಹೌದು."

"ತಲೆ ಬೇರೆ ಆಡಿಸ್ತಿದ್ದೆ."

ಮಗಳು ಅಳಲಿಲ್ಲ, ಕೂಗಾಡಲೂ ಇಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡು ತಟ್ಟೆಗೆ ಹಾಕಿದ ಊಟ ಎರಡು ತಟ್ಟೆಯಲ್ಲೂ ಉಳಿಯಿತು. ಬೆಳಿಗ್ಗೆ ತಾಯಿ ಏಳುವ ಹೊತ್ತಿಗೆ ಮಗಳು ಹೊರಟುಹೋಗಿದ್ದಳು. ಅರ್ಜಿ ಪುಸ್ತಕದೊಳಗೆ ಅರ್ಧ ತುಂಬಿದಂತೆಯೇ ಇತ್ತು.

*

ಮೂವತ್ತರ ಸಂಜೆ ಹೊಲಿಗೆಯಕ್ಕ ಕೆಲಸದಿಂದ ಬಂದು ಬಾಗಿಲು ತೆಗೆದ ಹತ್ತೇ ನಿಮಿಷಕ್ಕೆ ಮಗಳು ಮೆಟ್ಟಿಲು ಹತ್ತಿ ಬಂದಳು. ಆರೂವರೆಯಾಗಿತ್ತು. ಕೆಳಗೆ ಒಂದು ಆಟೋ ನಿಲ್ಲಿಸಿ ಬಂದಿದ್ದಳು. ಒಳಗೆ ಬರದೆ, ಚಪ್ಪಲಿ ಹಾಕಿಕೋ ಎಂದಳು. ಎಲ್ಲಿಗೆ ಎಂದು ತಾಯಿ ಕೇಳಲಿಲ್ಲ. ಬೀಗ ಹಾಕುವಾಗ ಎರಡು ಸಲ ಕೀ ತಪ್ಪಿತು. ಮಗಳು ಅದನ್ನು ಅವಳ ಕೈಯಿಂದ ತೆಗೆದುಕೊಂಡು ಹಾಕಿದಳು.

ಆಟೋದಲ್ಲಿ ಕೂತ ಮೇಲೂ ಮಗಳು ಹೊರಡಲು ಹೇಳಲಿಲ್ಲ. ಮೀಟರು ಓಡುತ್ತಿದೆ ಎಂದ ಆಟೋದವನು. ಓಡಲಿ ಎಂದಳು. ಯಾರಾದರೂ ಬರಬೇಕೋ ಎಂದು ಕೇಳಿದ. ಇಲ್ಲ ಎಂದಳು. ಅವನು ತನ್ನಷ್ಟಕ್ಕೆ ಏನೋ ಗೊಣಗಿಕೊಂಡು ಗಾಡಿ ಆಫ್ ಮಾಡಿದ. ಮಗಳು ಕೈಗಡಿಯಾರವನ್ನು ಮಂಡಿಯ ಮೇಲೆ ಬಿಚ್ಚಿಟ್ಟುಕೊಂಡಿದ್ದಳು.

"ಅವತ್ತೂ ಗುರುವಾರ," ಎಂದಳು, ತಾಯಿಯ ಕಡೆ ನೋಡದೆ. "ಇಷ್ಟೇ ಗಾಡಿಗಳಿರುತ್ತೆ."

ಆರು ಐವತ್ತೆರಡಕ್ಕೆ, ಹೊರಡಿ, ಎಂದಳು.

ಆಟೋ ಆಸ್ಪತ್ರೆಯ ಹಿಂದಿನ ರಸ್ತೆ ದಾಟಿ, ಮೇಲ್ಸೇತುವೆಯ ಕೆಳಗೆ ಒಂದು ಕೆಂಪು ದೀಪದಲ್ಲಿ ನಿಂತಿತು. ಆ ಮೇಲೆ ಇನ್ನೊಂದು ಕೆಂಪು ದೀಪ. ಶಾಲೆಯ ಬಸ್ಸೊಂದು ಸಂದಿಯಲ್ಲಿ ಹಿಂದೆ ಮುಂದೆ ಮಾಡುತ್ತಿದ್ದುದರಿಂದ ಮೂರು ನಿಮಿಷ ತಡವಾಯಿತು. ಹೊಲಿಗೆಯಕ್ಕ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಿದ್ದಳು. ನೇರವಾದ ರಸ್ತೆ ಸಿಕ್ಕಿದ ಮೇಲೆ ಮಗಳು ಆಟೋದವನಿಗೆ ಜೋರಾಗಿ ಹೋಗಿ ಎಂದಳು, ಅವನು ಜೋರಾಗಿ ಹೋದ. ಯಾರಿಗಾದರೂ ಹುಷಾರಿಲ್ಲವೇ ಎಂದು ಕನ್ನಡಿಯಲ್ಲಿ ನೋಡಿ ಕೇಳಿದ. ಗೋಡೆಯುದ್ದಕ್ಕೂ ದಪ್ಪ ಕೊಳವೆಗಳು ಕಾಣತೊಡಗಿದಾಗ ಮಗಳ ಎಡಗೈ ತಾಯಿಯ ಮಣಿಕಟ್ಟಿನ ಮೇಲೆ ಬಂತು. ಹಿಡಿತ ನೋಯುವಷ್ಟು ಬಿಗಿಯಾಗಿತ್ತು. ತಾಯಿ ಕೈ ಬಿಡಿಸಿಕೊಳ್ಳಲಿಲ್ಲ.

ಪಂಪ್‌ಹೌಸಿನ ಗೇಟಿನ ಮುಂದೆ ಇಳಿದಾಗ ಏಳು ಗಂಟೆ ಹತ್ತೊಂಬತ್ತು ನಿಮಿಷ. ಮಗಳು ಅದನ್ನು ಗಟ್ಟಿಯಾಗಿ ಓದಿದಳು. ಅವತ್ತು ಬದಲಿಯವನು ಬಂದದ್ದಕ್ಕಿಂತ ಹನ್ನೊಂದು ನಿಮಿಷ ಮುಂಚೆ.

ಕಾವಲುಗಾರ ಬೆಂಚಿನಿಂದ ಎದ್ದು ಬಂದು, ಯಾರನ್ನು ನೋಡಬೇಕು ಎಂದು ಕೇಳಿ, ರಿಜಿಸ್ಟರು ತೆರೆದು ಮುಂದೆ ಚಾಚಿದ. ಮಗಳು ಇಬ್ಬರ ಹೆಸರೂ ಬರೆದಳು, ಬಂದ ವೇಳೆ ಬರೆದಳು. ಭೇಟಿಯ ಕಾರಣ ಎಂಬ ಮನೆಯನ್ನು ಖಾಲಿ ಬಿಟ್ಟಳು. ಅವನು ಅದನ್ನು ನೋಡಿದ, ಪಕ್ಕದಲ್ಲಿ ನಿಂತಿದ್ದ ಹೊಲಿಗೆಯಕ್ಕನನ್ನು ನೋಡಿದ, ಗೇಟು ತೆರೆದ.